ಬಾಣಲೆಗೆ ಬಂದ ಏಡಿ

ಕರಾವಳಿಯ ಮನೆಗಳಲ್ಲಿ ಬಂಗುಡೆ ಕಾವಲಿಗೆ ಹೋಗುತ್ತದೆ, ಕಾಣೆ ಕಾವಲಿಗೆ ಹೋಗುತ್ತದೆ, ಅಂಜಲ್ ಸಿಕ್ಕಿತೆಂದರೆ ರವೆ ಡಬ್ಬ ತಾನಾಗಿಯೇ ಕೆಳಗಿಳಿಯುತ್ತದೆ. ಏಡಿ ಮಾತ್ರ ಮೊದಲಿನಿಂದಲೂ ಪಾತ್ರೆಯ ಪಾಲು. ಕಾಯಿ ಅರೆದು ಹಾಕಿದರೆ ಗಸಿ, ಮಸಾಲೆ ಹುರಿದು ಬತ್ತಿಸಿದರೆ ಸುಕ್ಕ. ಇದಕ್ಕೆ ಕಾರಣವಿಲ್ಲದೆ ಇಲ್ಲ. ನಾಲ್ಕು ಏಡಿಯನ್ನು ಎಂಟು ಮಂದಿಗೆ ಮುಟ್ಟಿಸಬೇಕಾದ ಮನೆಯಲ್ಲಿ ಸಾರೇ ದಾರಿ. ಚಿಪ್ಪಿನ ರುಚಿಯೆಲ್ಲ ಸಾರಿಗಿಳಿಯುತ್ತದೆ, ಅನ್ನ ಅದರಲ್ಲೇ ಹೊಟ್ಟೆಗೆ ಹೋಗುತ್ತದೆ, ಮಾಂಸ ಯಾರಿಗೆ ಎಷ್ಟು ಬಂತೆಂದು ಯಾರೂ ಲೆಕ್ಕ ಕೇಳುವುದಿಲ್ಲ. ಹಾಗಾಗಿ ಗರಿಗರಿಯಾಗಿ ಕರಿದ ಏಡಿ ಎಂದರೆ ಹೋಟೆಲಿನಲ್ಲಿ, ಊಟಕ್ಕೆ ಮೊದಲು, ನಿಂಬೆ ಹೋಳು ಈರುಳ್ಳಿಯ ಜೊತೆ ತಟ್ಟೆಯಲ್ಲಿ ಬರುವ ಪದಾರ್ಥ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಈ ಭಾವನೆಯನ್ನು ಬಿಡಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಎಷ್ಟೋ ಹೋಟೆಲುಗಳಲ್ಲಿ ಕರಿದ ಏಡಿಯ ಹೆಸರಿನಲ್ಲಿ ಸಿಗುವುದು ಮೈದಾ, ಕಾರ್ನ್‌ಫ್ಲೋರ್ ಮತ್ತು ಕೆಂಪು ಬಣ್ಣದ ದಪ್ಪ ಹೊದಿಕೆ. ಒಳಗಿನ ಏಡಿ ಯಾವತ್ತು ಹಿಡಿದದ್ದೋ ಕೇಳುವಂತಿಲ್ಲ. ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಏಡಿಯನ್ನು ಕೈಯಲ್ಲಿ ಹಿಡಿದು ನೋಡಿ ತರುವ ಅವಕಾಶ ಇರುವವರು ಮನೆಯಲ್ಲೇ ಇದಕ್ಕಿಂತ ಒಳ್ಳೆಯದನ್ನು ಮಾಡಬಹುದು. ತಿಳಿಯಬೇಕಾದದ್ದು ನೀರಿನ ವಿಚಾರ ಒಂದೇ. ಏಡಿಯ ಮಾಂಸದ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಅದು ಸಾಲದೆಂಬಂತೆ ಕಿವಿರಿನಲ್ಲಿ ನೀರು, ಬೆನ್ನಿನ ಚಿಪ್ಪಿನ ಕೆಳಗೆ ನೀರು, ಕಾಲಿನ ಕೊಳವೆಗಳಲ್ಲಿ ನೀರು. ಇದರಲ್ಲಿ ಯಾವ ನೀರು ಇರಬೇಕು, ಯಾವುದು ಹೋಗಬೇಕು, ಯಾವಾಗ ಹೋಗಬೇಕು ಎಂಬುದು ಗೊತ್ತಾದರೆ ಉಳಿದದ್ದು ಸಲೀಸು. ಆ ಲೆಕ್ಕ ಶುರುವಾಗುವುದು ಒಲೆಯ ಮುಂದೆ ಅಲ್ಲ, ಮೀನು ಮಾರುಕಟ್ಟೆಯಲ್ಲಿ.

ನಮ್ಮ ಕರಾವಳಿಯ ಮಾರುಕಟ್ಟೆಗೆ ಬರುವ ಏಡಿಗಳಲ್ಲಿ ಮುಖ್ಯವಾಗಿ ಎರಡು ಪಂಗಡ. ಕಡಲಿನವು ಮತ್ತು ಹೊಳೆಯವು. ಕಡಲ ಏಡಿಗಳಲ್ಲಿ ಬೆನ್ನ ಮೇಲೆ ಕಡುಗೆಂಪು ಬಣ್ಣದ ಮೂರು ದೊಡ್ಡ ಚುಕ್ಕೆ ಇರುವುದು ಒಂದು, ನೀಲಿ ಕಾಲಿನ ಮೇಲೆ ಬಿಳಿ ಚಿತ್ತಾರ ಇರುವುದು ಇನ್ನೊಂದು. ಬೆನ್ನ ಮೇಲೆ ಶಿಲುಬೆಯಂಥ ಗುರುತಿರುವುದೂ ಬಲೆಗೆ ಬೀಳುತ್ತದೆ. ಕಡಲಿಗೆ ಬಿದ್ದ ಸಂತ ಫ್ರಾನ್ಸಿಸ್ ಕ್ಸೇವಿಯರರ ಶಿಲುಬೆಯನ್ನು ಏಡಿಯೊಂದು ದಡಕ್ಕೆ ಹೊತ್ತು ತಂದಿತೆಂದೂ, ಈ ಗುರುತು ಅವರ ಆಶೀರ್ವಾದವೆಂದೂ ಕ್ರೈಸ್ತರಲ್ಲಿ ಒಂದು ಐತಿಹ್ಯವಿದೆ. ಇವೆಲ್ಲ ಈಜುವ ಏಡಿಗಳು. ಹಿಂದಿನ ಜೋಡಿ ಕಾಲು ಹುಟ್ಟಿನಂತೆ ಚಪ್ಪಟೆ. ಚಿಪ್ಪು ತೆಳು, ಮಾಂಸ ಸಿಹಿ. ಉಪ್ಪು ನೀರಿನಲ್ಲಿ ಬದುಕುವ ಏಡಿ ಹೊರಗಿನ ಉಪ್ಪಿಗೆ ಸರಿದೂಗಿಸಲು ತನ್ನ ಸ್ನಾಯುವಿನಲ್ಲಿ ಗ್ಲೈಸಿನ್‌ನಂಥ ಅಮೈನೋ ಆಮ್ಲಗಳನ್ನು ತುಂಬಿಕೊಂಡಿರುತ್ತದೆ. ನಾಲಿಗೆಗೆ ಸಿಹಿಯಾಗಿ ತಗಲುವುದು ಅದೇ.

ಹೊಳೆ ಏಡಿ ಎಂದರೆ ಅಳಿವೆಯ ಕೆಸರಿನಲ್ಲಿ, ಕಾಂಡ್ಲಾ ಗಿಡಗಳ ಬೇರಿನ ಬುಡದಲ್ಲಿ ಬಿಲ ತೋಡಿಕೊಂಡಿರುವ ಹಸಿರುಗಪ್ಪು ದೈತ್ಯ. ಒಂದೊಂದು ಕಿಲೋ ದಾಟುವುದೂ ಉಂಟು. ಇಕ್ಕಳದಂಥ ಕೊಂಬನ್ನು ಹಗ್ಗದಿಂದ ಬಿಗಿದು ಬುಟ್ಟಿಯಲ್ಲಿಟ್ಟರೆ, ತೇವ ಆರದಂತೆ ನೋಡಿಕೊಂಡರೆ, ನೀರಿನ ಹೊರಗೂ ಕೆಲವು ದಿನ ಜೀವಂತ ಇರುತ್ತದೆ. ಅದಕ್ಕೇ ಅದು ಜೀವಂತವಾಗಿಯೇ ಹೊರದೇಶಕ್ಕೆ ಹೋಗುವುದು, ಅದಕ್ಕೇ ಅದರ ಬೆಲೆ ಕೈಗೆ ಸಿಗದಿರುವುದು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡುವ ಗಂಗೊಳ್ಳಿಯ ಅಳಿವೆ, ಕುಮಟಾ ಬಳಿಯ ಅಘನಾಶಿನಿ ಅಳಿವೆ ಇವೆಲ್ಲ ಈ ಏಡಿಯ ತವರು. 2024ರಲ್ಲಿ ಅಘನಾಶಿನಿ ಅಳಿವೆ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿದಾಗ ಪತ್ರಿಕೆಗಳಲ್ಲಿ ಹಕ್ಕಿಗಳ ಚಿತ್ರ ಬಂತು. ಹಕ್ಕಿಗಳಷ್ಟೇ ಏಡಿಯೂ ಆ ಜೌಗಿನ ಮಗು ಎಂಬುದನ್ನು ತಿನ್ನುವವರಾದರೂ ನೆನಪಿಡಬೇಕು. ಕಾಂಡ್ಲಾ ಕಡಿದು ಮಣ್ಣು ತುಂಬಿದ ಕಡೆ ಏಡಿ ಇರುವುದಿಲ್ಲ.

ಕರಿಯುವುದಕ್ಕೆ ನನ್ನ ಆಯ್ಕೆ ಕಡಲ ಏಡಿ. ಚಿಪ್ಪು ತೆಳುವಾದ್ದರಿಂದ ಎಣ್ಣೆಯ ಬಿಸಿ ಬೇಗ ಒಳಗೆ ಮುಟ್ಟುತ್ತದೆ. ಹೊಳೆ ಏಡಿಯ ದೇಹವನ್ನು ಸಾರಿಗೆ ಬಿಟ್ಟು ಕೊಂಬುಗಳನ್ನಷ್ಟೇ ಕರಿದರೆ ಅದು ಬೇರೆಯೇ ಭೋಗ.

ಈಗ ಕೊಳ್ಳುವ ಮಾತು. ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಬಿಚ್ಚಿ ಎಸೆಯಬೇಕು. ಬಿಚ್ಚಿದ ಕೂಡಲೇ ಮೈಗೆ ನೀರು ಹೀರಿಕೊಂಡು ಉಬ್ಬುತ್ತದೆ, ಆ ದೊಡ್ಡ ಅಳತೆಗೆ ಹೊಸ ಚಿಪ್ಪು ಗಟ್ಟಿಯಾಗುತ್ತದೆ, ಆಮೇಲೆ ನಿಧಾನವಾಗಿ ನೀರಿನ ಜಾಗಕ್ಕೆ ಮಾಂಸ ಬರುತ್ತದೆ. ಚಿಪ್ಪು ಗಟ್ಟಿಯಾಗಿ ಮಾಂಸ ಇನ್ನೂ ತುಂಬದ ಆ ನಡುಗಾಲದ ಏಡಿಯೇ ಪೊಳ್ಳು ಏಡಿ. ನೋಡಲು ದೊಡ್ಡದು, ಹೊಳಪು, ಒಂದು ಕಲೆಯಿಲ್ಲ. ಬಾಣಲೆಗೆ ಹಾಕಿದರೆ ನೀರು ಉಗುಳುತ್ತದೆ, ಮಾಂಸ ದಾರದಷ್ಟಾಗಿ ಚಿಪ್ಪಿಗಂಟುತ್ತದೆ. ಆದ್ದರಿಂದ ಏಡಿ ಕೊಳ್ಳುವಾಗ ಚಂದ ನೋಡಬಾರದು. ಬೆನ್ನಿನ ಮೇಲೆ ಸ್ವಲ್ಪ ಪಾಚಿ, ಹೊಟ್ಟೆಯ ಕಡೆ ತುಕ್ಕಿನ ಬಣ್ಣ, ಕೊಂಬಿನ ಹಲ್ಲು ಸವೆದದ್ದು ಇವು ಹಳೆಯ ಚಿಪ್ಪಿನ, ಅಂದರೆ ತುಂಬಿದ ಏಡಿಯ ಗುರುತು. ಕೈಯಲ್ಲಿ ಎತ್ತಿದರೆ ಗಾತ್ರಕ್ಕಿಂತ ತೂಕ ಹೆಚ್ಚೆನಿಸಬೇಕು. ಮಗುಚಿ, ಕಾಲಿನ ಬುಡದ ಬಳಿ ಹೆಬ್ಬೆರಳಿನಿಂದ ಒತ್ತಬೇಕು, ತಗ್ಗಿದರೆ ಬೇಡ. ಕುಂದಾಪುರದ ಮೀನು ಮಾರುವ ಹೆಂಗಸರು ತಾವೇ ಏಡಿ ತಿರುವಿ ಮುಂದೆ ಹಿಡಿಯುತ್ತಾರೆ: "ಒತ್ತಿ ಕಾಣಿ ಅಕ್ಕ, ನೀರ್ ಇಲ್ಲೆ, ಭರ್ತಿ ಇತ್ತ್." ಅಮಾವಾಸ್ಯೆಯ ಏಡಿ ತುಂಬಿರುತ್ತದೆ, ಹುಣ್ಣಿಮೆಯದು ಪೊಳ್ಳು ಎಂಬ ನಂಬಿಕೆ ಕರಾವಳಿಯುದ್ದಕ್ಕೂ ಇದೆ, ಅದರ ಮೇಲೆ ದಿನ ನೋಡಿ ಏಡಿ ತರುವವರೂ ಇದ್ದಾರೆ. ನಾನು ಹೆಬ್ಬೆರಳನ್ನು ಹೆಚ್ಚು ನಂಬುತ್ತೇನೆ.

ಹೊಟ್ಟೆಯ ಕೆಳಗೆ ಮಡಚಿಕೊಂಡಿರುವ ಮುಚ್ಚಳ ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿ ಗುಮ್ಮಟದಂತಿದ್ದರೆ ಹೆಣ್ಣು. ಕರಿಯಲು ಗಂಡೇ ಒಳ್ಳೆಯದು, ಕೊಂಬು ದೊಡ್ಡದು, ಮಾಂಸ ಹೆಚ್ಚು. ಮುಚ್ಚಳದ ಹೊರಗೆ ಕಿತ್ತಳೆ ಬಣ್ಣದ ಅಥವಾ ಕಪ್ಪಿಗೆ ತಿರುಗಿದ ಮೊಟ್ಟೆಯ ಗೊಂಚಲು ಹೊತ್ತ ಹೆಣ್ಣನ್ನು ದಯವಿಟ್ಟು ಕೊಳ್ಳಬೇಡಿ. ಒಂದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ. ಕೊಳ್ಳುವವರು ಬೇಡವೆಂದರೆ ಮಾತ್ರ ಅದನ್ನು ಬಲೆಯಿಂದ ಬಿಡಿಸಿ ಮತ್ತೆ ನೀರಿಗೆ ಬಿಡುವ ರೂಢಿ ಬೆಳೆದೀತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಎರಡು ತಿಂಗಳಲ್ಲಿ ಕಡಲ ಏಡಿ ಸಿಗುವುದು ಅಪರೂಪ. ಆಗ ಹೊಳೆಯದ್ದೇ ಗತಿ.

ಏಡಿ ಸತ್ತ ಮೇಲೆ ಅದರ ಜೀರ್ಣಾಂಗದ ಕಿಣ್ವಗಳು ಅದರದೇ ಮಾಂಸವನ್ನು ಕರಗಿಸತೊಡಗುತ್ತವೆ. ಮಂಜುಗಡ್ಡೆ ಇಲ್ಲದೆ ಸತ್ತು ಬಿದ್ದ ಏಡಿಯ ಮಾಂಸ ಹಿಟ್ಟಿನಂತೆ ಮೆತ್ತಗಾಗುವುದು ಇದರಿಂದ. ಕಡಲ ಏಡಿ ನೀರಿನಿಂದ ಮೇಲೆ ಬಂದರೆ ಬೇಗ ಸಾಯುತ್ತದೆ. ಅದಕ್ಕೆ ಮಂಜಿನಲ್ಲಿಟ್ಟದ್ದು, ವಾಸನೆಯಿಲ್ಲದ್ದು ಆಗಬೇಕು. ಹೊಳೆ ಏಡಿಯಾದರೆ ಜೀವಂತವೇ ಬೇಕು. ಜೀವಂತ ಏಡಿಯನ್ನು ಕುದಿವ ನೀರಿಗೆ ಹಾಕುವುದು ಕ್ರೂರ, ಅಡುಗೆಗೂ ಕೆಟ್ಟದ್ದು. ಹೆದರಿದ ಏಡಿ ತನ್ನ ಕಾಲುಗಳನ್ನು ತಾನೇ ಕಳಚಿ ಬಿಸಾಡುತ್ತದೆ, ಕಳಚಿದ ಕಂಡಿಯಿಂದ ನೀರು ಒಳಗೆ ನುಗ್ಗುತ್ತದೆ. ಮಂಜುಗಡ್ಡೆ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಮೈಮರೆಯುತ್ತದೆ. ಆಮೇಲೆ ಹೊಟ್ಟೆಯ ಮುಚ್ಚಳ ಎತ್ತಿ ಅದರಡಿ ಚೂಪಾದ ಕತ್ತಿಯಿಂದ ತಿವಿದರೆ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಸ್ವಿಟ್ಜರ್ಲೆಂಡ್ 2018ರಲ್ಲಿ, ಪ್ರಜ್ಞೆ ತಪ್ಪಿಸದೆ ಲಾಬ್‌ಸ್ಟರ್‌ಗಳನ್ನು ಜೀವಂತ ಕುದಿಸುವುದನ್ನು ನಿಷೇಧಿಸಿತು. ಬ್ರಿಟನ್ 2022ರ ಕಾಯ್ದೆಯಲ್ಲಿ ಏಡಿ, ಸಿಗಡಿಗಳನ್ನೂ ನೋವು ಅರಿಯುವ ಜೀವಿಗಳೆಂದು ಒಪ್ಪಿತು. ಕಾಯ್ದೆ ಇರಲಿ ಬಿಡಲಿ, ನಾವು ಕೊಂದು ತಿನ್ನುವ ಪ್ರಾಣಿಗೆ ಇಷ್ಟು ಮಾಡುವುದು ನಮ್ಮ ಕರ್ತವ್ಯವೆಂದು ನಾನು ನಂಬಿದ್ದೇನೆ.

ಶುಚಿ ಮಾಡುವ ಕೆಲಸ ಹೆದರಿದಷ್ಟು ಕಷ್ಟವಿಲ್ಲ. ಮುಚ್ಚಳ ಕಿತ್ತು, ಹಿಂದಿನಿಂದ ಬೆನ್ನಿನ ಚಿಪ್ಪನ್ನು ಎತ್ತಿದರೆ ಕಳಚಿ ಬರುತ್ತದೆ. ಎರಡೂ ಬದಿಯಲ್ಲಿ ಬೂದು ಬಣ್ಣದ, ಗರಿಯಂಥ ಕಿವಿರುಗಳನ್ನು ಕಿತ್ತು ಬಿಸಾಡಿ, ಬಾಯಿಯ ಭಾಗವನ್ನೂ ಅದರ ಹಿಂದಿನ ಚೀಲವನ್ನೂ ತೆಗೆಯಿರಿ. ನಡುವೆ ಇರುವ ಹಳದಿ ಕೊಬ್ಬಿನಂಥದ್ದು ಗಸಿಗೆ ರುಚಿ ಕೊಡುತ್ತದೆ ನಿಜ, ಆದರೆ ಕರಿಯುವಾಗ ಅದು ಒದ್ದೆ, ಎಣ್ಣೆಯಲ್ಲಿ ಕರಟುತ್ತದೆ. ಕ್ಯಾಡ್ಮಿಯಂನಂಥ ಲೋಹಗಳು ಹೆಚ್ಚು ಸೇರಿಕೊಳ್ಳುವುದೂ ಆ ಭಾಗದಲ್ಲೇ. ಮೈಯನ್ನು ನಡುವೆ ಎರಡು ಹೋಳು ಮಾಡಿ, ಕಾಲಿನ ತುದಿಗಳನ್ನು ಕತ್ತರಿಸಿ. ಕೊಂಬನ್ನು ಗುಂಡುಕಲ್ಲಿನಿಂದ ಒಂದೇ ಪೆಟ್ಟಿಗೆ ಬಿರುಕು ಬಿಡಿಸಬೇಕು, ಪುಡಿ ಮಾಡಬಾರದು. ಬಿರುಕು ಕೇವಲ ತಿನ್ನುವ ಅನುಕೂಲಕ್ಕಲ್ಲ. ಮುಚ್ಚಿದ ಕೊಂಬಿನೊಳಗೆ ಸಿಕ್ಕಿಬಿದ್ದ ನೀರು ಕಾದ ಎಣ್ಣೆಯಲ್ಲಿ ಹಬೆಯಾಗಿ ಸಿಡಿದರೆ ಕೈ ಮುಖ ಸುಡುತ್ತದೆ.

ಹಸಿ ಏಡಿಯನ್ನು ನೇರವಾಗಿ ಕರಿಯಲು ಹೊರಟರೆ ಚಿಪ್ಪಿನೊಳಗೆ ಬಿಸಿ ಮುಟ್ಟುವಷ್ಟರಲ್ಲಿ ಹೊರಗಿನ ರವೆ ಕಪ್ಪಾಗುತ್ತದೆ. ಆದ್ದರಿಂದ ಮೊದಲು ಇಡ್ಲಿ ಪಾತ್ರೆಯಲ್ಲಿ ಏಳೆಂಟು ನಿಮಿಷ ಹಬೆಯಲ್ಲಿ ಬೇಯಿಸಬೇಕು. ಚಿಪ್ಪು ಹಸಿರುಗಪ್ಪಿನಿಂದ ಕೆಂಪಿಗೆ ತಿರುಗುವುದನ್ನು ನೋಡುವುದೇ ಒಂದು ಸಂತೋಷ. ಆ ಕೆಂಪು ಹೊಸದಾಗಿ ಹುಟ್ಟುವುದಲ್ಲ. ಅಸ್ಟಾಕ್ಸಾಂಥಿನ್ ಎಂಬ ಬಣ್ಣ ಮೊದಲೇ ಚಿಪ್ಪಿನಲ್ಲಿ ಪ್ರೋಟೀನಿಗೆ ಕಟ್ಟುಬಿದ್ದಿರುತ್ತದೆ, ಬಿಸಿಗೆ ಕಟ್ಟು ಬಿಚ್ಚಿ ಹೊರಗೆ ಕಾಣುತ್ತದೆ. ನೀರಿನಲ್ಲಿ ಕುದಿಸಬೇಡಿ, ಹಬೆಯೇ ಬೇಕು. ಕುದಿಸಿದರೆ ಸಿಹಿ ನೀರಿಗೆ ಹೋಗುತ್ತದೆ, ನೀರು ಏಡಿಗೆ ಬರುತ್ತದೆ.

ಬೆಂದ ಹೋಳುಗಳನ್ನು ಕೊಡವಿ, ಮಾಂಸದ ಭಾಗ ಕೆಳಗಾಗುವಂತೆ ಜಾಲರಿಯ ಮೇಲೆ ಹರಡಿ ಆರಲು ಬಿಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ತಟ್ಟೆಗೆ ಎಷ್ಟು ನೀರು ತೊಟ್ಟಿಕ್ಕುತ್ತದೆ ಎಂದು ನೋಡಿದರೆ ಇದರ ಮಹತ್ವ ತಿಳಿಯುತ್ತದೆ. ಆಮೇಲೆ ಒಣ ಬಟ್ಟೆಯಿಂದ ಒತ್ತಿ ಒರೆಸಬೇಕು, ಒಂದೊಂದು ಸಂದಿಯನ್ನೂ. ಇಡೀ ಕೆಲಸದಲ್ಲಿ ಆತುರ ಮಾಡಬಾರದ ಹಂತ ಇದು.

ಮಸಾಲೆಗೆ ಬ್ಯಾಡಗಿ ಮೆಣಸೇ ಆಗಬೇಕು. ಖಾರ ಕಡಿಮೆ, ಬಣ್ಣ ಧಾರಾಳ; ಪುಡಿ ಬಣ್ಣದ ಹಂಗೇ ಬೇಡ. ಒಂದು ಕಿಲೋ ಏಡಿಗೆ, ಅಂದರೆ ಮಧ್ಯಮ ಗಾತ್ರದ ನಾಲ್ಕೈದಕ್ಕೆ, ಹತ್ತು ಹನ್ನೆರಡು ಮೆಣಸನ್ನು ಬಿಸಿ ನೀರಲ್ಲಿ ನೆನೆಸಿ ನೀರು ಬಸಿದು, ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಚಿಟಿಕೆ ಅರಿಸಿನ, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು ಸೇರಿಸಿ ಅರೆಯಿರಿ. ಮಿಕ್ಸಿ ತಿರುಗುವಷ್ಟೇ ನೀರು. ಬೆರಳಿನಲ್ಲಿ ಎತ್ತಿದರೆ ಬೀಳಬಾರದು, ಅಷ್ಟು ಗಟ್ಟಿ. ಹುಣಸೆಯ ಬದಲು ಪುನರ್ಪುಳಿ ಹಾಕುವವರಿದ್ದಾರೆ, ನಿಂಬೆ ಹಿಂಡುವವರೂ ಇದ್ದಾರೆ. ನಿಂಬೆಯನ್ನು ಕರಿದ ಮೇಲೆ ಹಿಂಡುವುದು ವಾಸಿ, ಮೊದಲೇ ಹಿಂಡಿದರೆ ಮಸಾಲೆ ನೀರಾಗುತ್ತದೆ. ಮಸಾಲೆಯನ್ನು ಮಾಂಸ ಕಾಣುವ ಕಡೆಗಳಿಗೆಲ್ಲ ತೆಳುವಾಗಿ ಸವರಿ, ಕೊಂಬಿನ ಬಿರುಕಿಗೆ ಬೆರಳಿನಿಂದ ತುಂಬಿ, ಅರ್ಧ ಗಂಟೆ ಬಿಡಿ. ಚಿಪ್ಪಿನ ಹೊರಮೈಗೆ ಮೆತ್ತುವುದು ವ್ಯರ್ಥ. ಯಾರೂ ಚಿಪ್ಪು ತಿನ್ನುವುದಿಲ್ಲ, ಉದುರಿದ ಮಸಾಲೆ ಎಣ್ಣೆ ಕೆಡಿಸುತ್ತದೆ.

ಹೊದಿಕೆಗೆ ಎರಡು ಪಾಲು ಚಿರೋಟಿ ರವೆ, ಒಂದು ಪಾಲು ಅಕ್ಕಿ ಹಿಟ್ಟು. ದಪ್ಪ ರವೆ ಮೀನಿನ ಚಪ್ಪಟೆ ಮೈಗೆ ಅಂಟೀತು, ಏಡಿಯ ಏರುತಗ್ಗಿನಲ್ಲಿ ನಿಲ್ಲುವುದಿಲ್ಲ. ಅಕ್ಕಿ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲದ್ದರಿಂದ ಅದು ಮೈದಾದಂತೆ ಜಿಗುಟಾಗದೆ ಒಣಗಿ ಗರಿಯಾಗುತ್ತದೆ. ರವೆಯ ಕಾಳು ಹಲ್ಲಿಗೆ ಸಿಗುವ ಗರಿ, ಅಕ್ಕಿ ಹಿಟ್ಟು ಅದನ್ನು ಹಿಡಿದಿಡುವ ಗರಿ. ಹೋಳನ್ನು ಇದರಲ್ಲಿ ಒತ್ತಿ, ಹೆಚ್ಚಾದದ್ದನ್ನು ಕೊಡವಿ, ಕೂಡಲೇ ಎಣ್ಣೆಗೆ ಬಿಡಬೇಕು. ರವೆ ಹಚ್ಚಿಟ್ಟು ನೆಂಟರಿಗೆ ಕಾದರೆ ಅದು ಮಸಾಲೆಯ ತೇವ ಕುಡಿದು ಮುದ್ದೆಯಾಗುತ್ತದೆ.

ಎಣ್ಣೆಯ ಬಿಸಿ 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಒಂದು ಚಿಟಿಕೆ ರವೆ ಹಾಕಿ ನೋಡಿ: ತಳ ಮುಟ್ಟದೆ ನೊರೆಯೆಬ್ಬಿಸಿ ಮೇಲೆ ಬಂದರೆ ಸರಿ, ಹಾಕಿದ ತಕ್ಷಣ ಕಂದಾದರೆ ಹೆಚ್ಚಾಯಿತು. ಗಾಣದ ತೆಂಗಿನೆಣ್ಣೆಯ ಪರಿಮಳ ಚಂದವೇ ಆದರೂ ಈ ಬಿಸಿಗೆ ಅದು ಹೊಗೆಯಾಡತೊಡಗುತ್ತದೆ. ಸಂಸ್ಕರಿಸಿದ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ ಸಾಕು. ತೆಂಗಿನೆಣ್ಣೆ ಬೇಕೇ ಬೇಕೆನ್ನುವವರು ಕೊನೆಯಲ್ಲಿ ಒಂದು ಚಮಚದಲ್ಲಿ ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಹುರಿದು ಮೇಲೆ ಸುರಿಯಲಿ.

ಬಾಣಲೆಗೆ ಒಮ್ಮೆಗೆ ಎರಡು ಮೂರು ಹೋಳಿಗಿಂತ ಹೆಚ್ಚು ಹಾಕಬಾರದು. ತುಂಬಿದರೆ ಎಣ್ಣೆ ತಣಿಯುತ್ತದೆ, ತಣಿದ ಎಣ್ಣೆಯಲ್ಲಿ ರವೆ ಎಣ್ಣೆ ಕುಡಿಯುತ್ತದೆ. ಹಾಕಿದ ಕೂಡಲೇ ಬರುವ ಜೋರು ಸದ್ದು ನೀರು ಹಬೆಯಾಗಿ ಹೊರಡುವ ಸದ್ದು. ದೊಡ್ಡ ಗುಳ್ಳೆಗಳು ರಭಸದಿಂದ ಏಳುತ್ತವೆ. ಹಬೆ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ನುಗ್ಗಲಾರದು. ಮೂರು ನಿಮಿಷವಾಗುವಾಗ ಗುಳ್ಳೆ ಸಣ್ಣದಾಗಿ, ಸದ್ದು ಇಳಿದು ಚುರುಗುಟ್ಟುವಿಕೆಯಷ್ಟೇ ಉಳಿಯುತ್ತದೆ. ಕಣ್ಣಿಗಿಂತ ಕಿವಿಯನ್ನು ನಂಬಿ, ಅಲ್ಲೇ ತೆಗೆಯಿರಿ. ಜಾಲರಿಯ ಮೇಲೆ ಐದು ನಿಮಿಷ ಇಟ್ಟರೆ ಒಳಗಿನ ತೇವ ಹೊದಿಕೆಗೆ ಬರುತ್ತದೆ. ಆಗ ಎಣ್ಣೆಯನ್ನು ಇನ್ನಷ್ಟು ಕಾಯಿಸಿ ಮತ್ತೊಮ್ಮೆ, ಒಂದೇ ನಿಮಿಷ, ಕರಿಯಬೇಕು. ಈ ಎರಡನೇ ಕರಿತ ಬಂದ ತೇವವನ್ನೂ ಓಡಿಸುತ್ತದೆ. ನೆಂಟರು ಬರುವ ಮೊದಲು ಮೊದಲ ಕರಿತ ಮುಗಿಸಿಟ್ಟು, ಅವರು ಕೂತ ಮೇಲೆ ಎರಡನೆಯದನ್ನು ಮಾಡಿದರೆ ಅಡುಗೆಯವರೂ ಮಾತಿಗೆ ಸಿಗುತ್ತಾರೆ. ಕರಿದದ್ದನ್ನು ಕಾಗದದ ಮೇಲೆ ರಾಶಿ ಹಾಕಬೇಡಿ, ಮುಚ್ಚಿಯಂತೂ ಇಡಬೇಡಿ.

ಚಿಪ್ಪು ಬಿಡಿಸಿ ತಿನ್ನಲು ಮಕ್ಕಳಿಗೆ, ವಯಸ್ಸಾದವರಿಗೆ ಕಷ್ಟ. ಅವರಿಗಾಗಿ ಮಾಂಸ ಬಿಡಿಸಿ ವಡೆ ತಟ್ಟಬಹುದು. ಅಮೆರಿಕದ ಮೇರಿಲ್ಯಾಂಡ್‌ನವರು ತಮ್ಮ ಚೆಸಪೀಕ್ ಕೊಲ್ಲಿಯ ನೀಲಿ ಏಡಿಯಿಂದ ಮಾಡುವ ಕ್ರಾಬ್ ಕೇಕ್ ಇದೇ ಜಾತಿಯದು. ಅಲ್ಲಿನ ಒಳ್ಳೆಯ ಅಡುಗೆಯವರ ಹೆಮ್ಮೆ ಎಷ್ಟು ಕಡಿಮೆ ಬ್ರೆಡ್ ಪುಡಿಯಲ್ಲಿ ವಡೆ ನಿಲ್ಲಿಸಿದೆವು ಎಂಬುದರಲ್ಲಿದೆ. ನಮ್ಮಲ್ಲಿ ಆಲೂಗಡ್ಡೆ ತುರುಕಿ ಏಡಿಯ ಹೆಸರು ಹೇಳುವ ಕಟ್ಲೆಟ್‌ಗಳಿಗೆ ಈ ಪಾಠ ಬೇಕು. ಹಿಂಡಿ ನೀರು ತೆಗೆದ ಮಾಂಸಕ್ಕೆ ಒಂದು ಮೊಟ್ಟೆ, ಒಂದು ಹಿಡಿ ಬ್ರೆಡ್ ಪುಡಿ, ಹಸಿಮೆಣಸು, ಶುಂಠಿ, ಕೊತ್ತಂಬರಿ ಸಾಕು. ತಟ್ಟಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಎಣ್ಣೆಯಲ್ಲಿ ಒಡೆಯುವುದಿಲ್ಲ.

ಅದೇ ಚೆಸಪೀಕ್‌ನಲ್ಲಿ ಚಿಪ್ಪಿನ ಸಮೇತ ತಿನ್ನುವ ಏಡಿಯೂ ಇದೆ. ಪೊರೆ ಕಳಚುವ ಕಾಲ ಹತ್ತಿರವಾದ ಏಡಿಯ ಹಿಂದಿನ ಚಪ್ಪಟೆ ಕಾಲಿನ ಅಂಚಿನಲ್ಲಿ ಒಂದು ಗೆರೆ ಮೂಡುತ್ತದೆ. ಮೊದಲು ಬಿಳಿ, ಆಮೇಲೆ ನಸುಗೆಂಪು, ಕೊನೆಗೆ ಕೆಂಪು. ಕೆಂಪು ಬಂತೆಂದರೆ ಇನ್ನು ಒಂದೆರಡು ದಿನ. ಅಲ್ಲಿನ ಮೀನುಗಾರರು ಈ ಗೆರೆ ನೋಡಿ ಏಡಿಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿಟ್ಟು, ಹಗಲು ರಾತ್ರಿ ಕಾದು, ಪೊರೆ ಬಿಟ್ಟ ಕೆಲವೇ ಗಂಟೆಗಳೊಳಗೆ ನೀರಿನಿಂದ ಎತ್ತುತ್ತಾರೆ. ತಡವಾದರೆ ಚಿಪ್ಪು ಗಟ್ಟಿಯಾಗಿಬಿಡುತ್ತದೆ. ಆ ಮೆತ್ತನೆಯ ಏಡಿಯನ್ನು ಹಿಟ್ಟಿನಲ್ಲಿ ಹೊರಳಿಸಿ ಇಡಿಯಾಗಿ ಕರಿದರೆ ಕಾಲಿನ ತುದಿಯವರೆಗೂ ಗರಿಗರಿ. ನಮ್ಮ ಬಲೆಗಳಲ್ಲೂ ಇಂಥ ಮೆದು ಏಡಿ ಆಗೊಮ್ಮೆ ಈಗೊಮ್ಮೆ ಬರುತ್ತದೆ, ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಸಾರಿಗೆ ಅದು ಕೆಲಸಕ್ಕೆ ಬಾರದ್ದು ನಿಜ. ಬೆರಳಿಗೆ ಚಿಪ್ಪು ಚರ್ಮದಂತೆ ಬಾಗುವ ಏಡಿ ತಾಜಾ ಸಿಕ್ಕಿದರೆ ಬಿಡಬೇಡಿ. ಕಿವಿರು, ಬಾಯಿ, ಮುಚ್ಚಳ ತೆಗೆದು, ಒರೆಸಿ, ಬರೀ ಅಕ್ಕಿ ಹಿಟ್ಟು, ಮೆಣಸಿನ ಪುಡಿ, ಉಪ್ಪಿನಲ್ಲಿ ಕರಿಯಿರಿ. ಇದಕ್ಕೆ ಹಬೆಯೂ ಬೇಡ, ಅರೆದ ಮಸಾಲೆಯೂ ಬೇಡ.

ಮಲೆನಾಡಿನವರು ಗದ್ದೆ, ಹಳ್ಳಗಳ ಏಡಿಯನ್ನೂ ಹೀಗೆ ಮಾಡಬಹುದೇ ಎಂದು ಕೇಳುತ್ತಾರೆ. ಮಳೆಗಾಲದ ರಾತ್ರಿ ಬ್ಯಾಟರಿ ಹಿಡಿದು ಏಡಿ ಹಿಡಿಯುವ, ಶೀತಕ್ಕೆ ಏಡಿ ಸಾರೇ ಮದ್ದೆನ್ನುವ ಊರುಗಳವು. ಮಾಡಬಹುದು, ಆದರೆ ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಸೇರುವ ಪರಾವಲಂಬಿ ಹುಳು ಇರಬಹುದು. ಅರೆಬೆಂದ ಏಡಿ ತಿಂದವರಿಗೆ ಕ್ಷಯದಂತೆ ಕಾಣುವ ಕೆಮ್ಮು ಬರಬಹುದು. ಈ ಏಡಿಗಳನ್ನು ಹಬೆಯಲ್ಲಿ ಪೂರ್ತಿ ಬೇಯಿಸಿದ ಮೇಲೆಯೇ ಬಾಣಲೆಗೆ ಹಾಕಬೇಕು. ಹೊಸಬರಿಗೆ ಬಡಿಸುವಾಗ ಸಿಗಡಿ ಏಡಿ ಒಗ್ಗುತ್ತದೆಯೇ ಎಂದು ಕೇಳಲು ಮರೆಯಬೇಡಿ. ಅಲರ್ಜಿ ತರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಎಷ್ಟು ಕರಿದರೂ ಹೋಗುವುದಿಲ್ಲ. ಏಡಿ ಕರಿದ ಎಣ್ಣೆಯಲ್ಲಿ ಒಗ್ಗದವರಿಗೆ ಹಪ್ಪಳ ಕರಿದು ಕೊಡುವುದೂ ಸಲ್ಲದು.

ಬಡಿಸುವಾಗ ಹೆಚ್ಚಿನ ಅಲಂಕಾರ ಬೇಡ. ಹಸಿ ಈರುಳ್ಳಿ, ನಿಂಬೆ, ಬೇಕಿದ್ದರೆ ಪುನರ್ಪುಳಿ ಸಾರಿನ ಒಂದು ಲೋಟ. ಟೊಮೆಟೊ ಸಾಸ್ ಏಡಿಯ ಸಿಹಿಯನ್ನು ಕೊಂದುಹಾಕುತ್ತದೆ. ಉಳಿದರೆ ಮರುದಿನ ಮತ್ತೆ ಕರಿಯಲು ಹೋಗಬೇಡಿ, ಮಾಂಸ ನಾರಾಗುತ್ತದೆ. ಹುರಿದ ಕಾಯಿತುರಿ ಹಾಕಿ ಸುಕ್ಕ ಮಾಡಿ. ಕತ್ತರಿಸಿಟ್ಟ ಕಾಲಿನ ತುದಿ, ಬೆನ್ನಿನ ಚಿಪ್ಪುಗಳನ್ನು ಬಿಸಾಡುವವರೇ ಹೆಚ್ಚು. ಅವನ್ನು ತೊಳೆದು, ಒಂದು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು, ನೀರು ಹಾಕಿ ಅರ್ಧ ಗಂಟೆ ಕುದಿಸಿ ಸೋಸಿಟ್ಟುಕೊಳ್ಳಿ. ಆ ನೀರಿಗೆ ಕಾಳುಮೆಣಸು, ಬೆಳ್ಳುಳ್ಳಿ, ಹುಣಸೆ ಬಿದ್ದರೆ ರಾತ್ರಿಯ ಕುಚ್ಚಲಕ್ಕಿ ಅನ್ನಕ್ಕೆ ಸಾರಾಯಿತು.